ಸಂಪಾದಕರ ಉತ್ತರ: ಟ್ರ್ಯಾಕ್ ಹಾಕಿ ನುಡಿಸಿದರೆ ಅದು ಕಛೇರಿಯೇ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ಸಂಗೀತ ಪುಟದಲ್ಲಿ ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತಗಾರ ಜ್ಯಾಂ-ಮಿಷೆಲ್ ಜಾರ್ ಅವರ 'ದಿ ಕಾನ್ಸರ್ಟ್ಸ್ ಇನ್ ಚೈನಾ' ಆಲ್ಬಮ್ಮನ್ನು ಹಾಡಿ ಹೊಗಳಿದ್ದೀರಿ. ಹುಡುಕಿ ಪೂರ್ತಿ ಕೇಳಿದೆ. ನಾನು ಬಹಳ ವರ್ಷ ರಸಮಂಜರಿ ತಂಡಗಳಲ್ಲಿ ಕೀಬೋರ್ಡ್ ನುಡಿಸಿದವನು. ನಾವು ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿಕೊಂಡು ಸುಮ್ನೆ ಕೈ ಆಡಿಸಿದ್ದರೆ ಜನ ಚಪ್ಪಲಿ ಎಸೆಯುತ್ತಿದ್ದರು. ಈ ಮಹಾಶಯರು ಯಂತ್ರ ಓಡಿಸುತ್ತಾರೆ, ಕೊನೆಯ ಹಾಡನ್ನು ಸ್ಟುಡಿಯೋದಲ್ಲಿ ಮಾಡುತ್ತಾರೆ, ನಡುವೆ ಚೀನಾದ ಆರ್ಕೆಸ್ಟ್ರಾವೊಂದನ್ನು ಕೂರಿಸುತ್ತಾರೆ. ಅದಕ್ಕೆ ಲೈವ್ ಅಂತ ಹೆಸರು. ಅತಿಥಿ ಕಲಾವಿದರೆಂದರೆ ಮದುವೆ ಮನೆಯಲ್ಲಿ ಫೋಟೊಗೆ ನಿಂತವರೇ? ಉತ್ತರ ಕೊಡಿ. ನನ್ನ ಹೆಸರು ಹಾಕಬೇಡಿ."

ಹೆಸರು ಹಾಕಿಲ್ಲ ಸ್ವಾಮಿ. ಉತ್ತರ ಮಾತ್ರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಕೊನೆಯ 'ಸುವನೀರ್ ಆಫ್ ಚೈನಾ' ವೇದಿಕೆಯ ಮೇಲೆ ನುಡಿಸಿದ್ದಲ್ಲ. ಪ್ರವಾಸ ಮುಗಿದ ಮೇಲೆ ಸ್ಟುಡಿಯೋದಲ್ಲಿ ಕಟ್ಟಿದ್ದು. ಅದರಲ್ಲಿ ತಾಳ ಹಿಡಿಯುವುದು ಡ್ರಮ್ ಅಲ್ಲ, ಕ್ಯಾಮೆರಾದ ಕ್ಲಿಕ್. ಜೊತೆಗೆ ಚೀನೀ ಮಾತಿನ ತುಣುಕುಗಳು. ನನಗೆ ಅದು ತುಂಬಾ ಇಷ್ಟ. ಆದರೆ ಕಛೇರಿಯ ಲೆಕ್ಕಕ್ಕೆ ಸೇರಿಸಲಾರೆ. ಪ್ರವಾಸ ಹೋದವನು ಊರಿಗೆ ಬಂದು ಬರೆದ ಟಿಪ್ಪಣಿ ಅದು. ಲೇಸರ್ ಹಾರ್ಪ್ ಎಂಬ ಬೆಳಕಿನ ವಾದ್ಯ ಬರೀ ನೋಟಕ್ಕೆ ಅನ್ನುವ ನಿಮ್ಮ ಅನುಮಾನವೂ ಸರಿಯೇ. ನೆಲದಿಂದ ಮೇಲಕ್ಕೆ ಚಿಮ್ಮುವ ಬೆಳಕಿನ ಗೆರೆಗೆ ಕೈ ಅಡ್ಡ ಹಿಡಿದರೆ ಸ್ವರ ಬರುತ್ತದೆ. ಕೈ ಸುಡದಿರಲೆಂದು ಗವಸು ಬೇರೆ. ಎದುರಿಗೆ ಕೂತು ನೋಡಿದವರಿಗೆ ಮೈ ಜುಮ್ಮೆಂದಿರಬಹುದು. ರೆಕಾರ್ಡಿನಲ್ಲಿ ಮಾತ್ರ ಅದು ಬರೀ ಗದ್ದಲ.

ಇನ್ನು ಟ್ರ್ಯಾಕಿನ ವಿಷಯ. ಇದು 1981ರ ಅಕ್ಟೋಬರ್. ಲ್ಯಾಪ್‌ಟಾಪ್ ಇಲ್ಲ, ಪೆನ್‌ಡ್ರೈವ್ ಇಲ್ಲ. ಯಂತ್ರ ಓಡಿಸಿದರೇ ಅಂದರೆ, ಹೌದು, ಓಡಿಸಿದರು. ಸೀಕ್ವೆನ್ಸರ್ ಇತ್ತು. 'ಆರ್ಪೆಜಿಯೇಟರ್' ಎಂದು ಒಂದು ತುಣುಕಿಗೆ ಯಂತ್ರದ ಹೆಸರನ್ನೇ ಇಟ್ಟಿದ್ದಾರೆ, ಮುಚ್ಚಿಡುವ ಉದ್ದೇಶವೇ ಇಲ್ಲ. ಸೀಕ್ವೆನ್ಸರ್ ಮಾಡುವುದಿಷ್ಟೇ: ಒಂದು ಸಣ್ಣ ಸ್ವರಗುಚ್ಛವನ್ನು ಬೇಸರವಿಲ್ಲದೆ ತಿರುಗಿಸುತ್ತಾ ಇರುತ್ತದೆ. ಅದರ ಮೇಲೆ ಏನು ನಡೆಯಬೇಕು ಅನ್ನುವುದೆಲ್ಲ ಮನುಷ್ಯರ ಕೆಲಸ. ಹೆಚ್ಚೂಕಡಿಮೆ ಅದೇ ಹೊತ್ತಿಗೆ ನಮ್ಮ ಬೆಂಗಳೂರಿನ ರೇಡಲ್‌ನವರ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಹಾಡಿದ ವಿದ್ವಾಂಸರನ್ನು ಯಾರೂ ಟ್ರ್ಯಾಕ್ ಹಾಕಿ ಹಾಡಿದರು ಅನ್ನಲಿಲ್ಲ, ಅಲ್ವಾ?

ಜಾರ್ ಹೆಸರು ಮಾಡಿದ್ದು 1976ರ 'ಆಕ್ಸಿಜೆನ್' ಆಲ್ಬಮ್ಮಿನಿಂದ. ಪ್ಯಾರಿಸ್‌ನ ಮನೆಯಲ್ಲೇ ಹೇಗೋ ಹೊಂದಿಸಿಕೊಂಡ ಸ್ಟುಡಿಯೋ, ಎಂಟು ಟ್ರ್ಯಾಕಿನ ಒಂದು ಟೇಪ್ ಯಂತ್ರ. ಒಬ್ಬರೇ ಕೂತು, ಒಂದರ ಮೇಲೊಂದು ಪದರ ಹಾಕುತ್ತಾ ಮಾಡಿದ ಸಂಗೀತ. ಹಾಗೆ ಮಾಡಿದ್ದನ್ನು ವೇದಿಕೆಗೆ ತರುವುದು ಒಬ್ಬರ ಎರಡು ಕೈಗೆ ಆಗದ ಮಾತು. ಅದಕ್ಕೇ ಚೀನಾಕ್ಕೆ ಹೋದಾಗ ಜೊತೆಗೆ ಮೂವರು ಇದ್ದರು: ಕೀಬೋರ್ಡ್‌ಗಳಿಗೆ ಡೊಮಿನಿಕ್ ಪೆರಿಯೆ ಮತ್ತು ಫ್ರೆಡರಿಕ್ ರೂಸೊ, ತಾಳಕ್ಕೆ ರೋಜರ್ ರಿಝಿಟೆಲ್ಲಿ. ವಿದ್ಯುತ್ತಿನಿಂದಲೇ ಸ್ವರ ಹುಟ್ಟಿಸುವ ಆ ಕಾಲದ ಅನಲಾಗ್ ಸಿಂಥಸೈಜರ್‌ಗಳ ಸ್ವಭಾವ ನಿಮಗೆ ಗೊತ್ತಿರಬಹುದು. ಬಿಸಿಯಾದರೆ ಶ್ರುತಿ ಜಾರುತ್ತದೆ. ಹಾಡಿನ ನಡುವೆಯೇ ಒಂದು ಕೈಯಲ್ಲಿ ನುಡಿಸುತ್ತಾ ಇನ್ನೊಂದು ಕೈಯಲ್ಲಿ ಗುಂಡಿ ತಿರುಗಿಸಿ ಸರಿ ಮಾಡಿಕೊಳ್ಳಬೇಕು. ಚೀನಾ ಆಲ್ಬಮ್ಮಿನ 'ಇಕ್ವಿನಾಕ್ಸ್ 4' ಕೇಳಿ, ಆಮೇಲೆ 1978ರ ಸ್ಟುಡಿಯೋ ರೂಪ ಕೇಳಿ. ವೇದಿಕೆಯದ್ದು ದಪ್ಪಗಿದೆ, ಒರಟಾಗಿದೆ. ನನ್ನ ಕಿವಿಗೆ ಅದೇ ಚೆನ್ನ.

ಆ ಕಛೇರಿಗಳು ನಡೆದ ರೀತಿ ಗೊತ್ತಾದರೆ ನಿಮಗೇ ಪಾಪ ಅನಿಸಬಹುದು. ಬೀಜಿಂಗ್‌ನಲ್ಲಿ ಎರಡು, ಶಾಂಘೈನಲ್ಲಿ ಮೂರು, ಒಟ್ಟು ಐದು ಕಾರ್ಯಕ್ರಮ. ಬೀಜಿಂಗ್‌ನ ಬ್ರಿಟಿಷ್ ರಾಯಭಾರ ಕಚೇರಿ ಜಾರ್ ರೆಕಾರ್ಡುಗಳನ್ನು ಅಲ್ಲಿನ ರೇಡಿಯೋಕ್ಕೆ ಕೊಟ್ಟಿತ್ತು, ರೇಡಿಯೋದವರು ಅದನ್ನು ಹಾಕಿದ್ದರು. ಜನರಿಗೆ ಇದ್ದ ಪರಿಚಯ ಅಷ್ಟೇ. ಪಶ್ಚಿಮದ ಪಾಪ್ ಸಂಗೀತಗಾರರೊಬ್ಬರು ಮಾವೋ ನಂತರದ ಚೀನಾದಲ್ಲಿ ವೇದಿಕೆ ಹತ್ತುತ್ತಿದ್ದುದು ಇದೇ ಮೊದಲು.

ಮೊದಲ ರಾತ್ರಿ ಬೀಜಿಂಗ್‌ನಲ್ಲಿ ಇನ್ನೇನು ಶುರುವಾಗಬೇಕು, ತಂತ್ರಜ್ಞರಿಗೆ ಕರೆಂಟು ಸಾಲುವುದಿಲ್ಲ ಅನ್ನುವುದು ಗೊತ್ತಾಯಿತು. ವೇದಿಕೆ, ಸಭಾಂಗಣ ಎರಡನ್ನೂ ಎಳೆಯುವ ಶಕ್ತಿ ಲೈನಿಗಿಲ್ಲ. ಅಧಿಕಾರಿಗಳು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಸುತ್ತಲಿನ ಬಡಾವಣೆಗಳ ಕರೆಂಟು ತೆಗೆದು ಇಲ್ಲಿಗೆ ಕೊಟ್ಟರು. ಆ ಮನೆಗಳವರು ಅವತ್ತು ಏನೆಂದುಕೊಂಡರೋ! ಒಳಗೆ ಬಂದು ಕೂತವರಲ್ಲಿ ಸರ್ಕಾರಿ ಅಧಿಕಾರಿಗಳೇ ಜಾಸ್ತಿ. ರಾತ್ರಿ ಸುಮಾರು ಹತ್ತಕ್ಕೆ ಊರಿನ ಬಸ್ಸುಗಳು ನಿಲ್ಲುತ್ತಿದ್ದವು. ಹಾಗಾಗಿ ಅರ್ಧದಷ್ಟು ಜನ ಕಾರ್ಯಕ್ರಮ ಮುಗಿಯುವ ಮೊದಲೇ ಎದ್ದು ಹೊರಟರು. ಹಾಡು ಹಿಡಿಸದೆ ಎದ್ದವರು ಎಷ್ಟು, ಬಸ್ಸಿಗಾಗಿ ಎದ್ದವರು ಎಷ್ಟು ಅಂತ ವೇದಿಕೆಯ ಮೇಲಿದ್ದವರಿಗೆ ಹೇಗೆ ಗೊತ್ತಾಗಬೇಕು? ರಸಮಂಜರಿಯವರಾದ ನಿಮಗೆ ಈ ಸಂಕಟ ನಾನು ವಿವರಿಸಬೇಕಿಲ್ಲ. ಮಾರನೆಯ ದಿನ ಜಾರ್ ಮತ್ತು ಅವರ ತಂಡದವರು ತಮ್ಮದೇ ದುಡ್ಡಲ್ಲಿ ಒಂದಷ್ಟು ಟಿಕೆಟ್ ಕೊಂಡು ಬೀದಿಯ ಮಕ್ಕಳಿಗೆ ಹಂಚಿದರು. ಪೂರ್ತಿ ಪುಕ್ಕಟೆ ಇಡಬೇಕು ಅನ್ನುವುದು ಜಾರ್ ಆಸೆಯಾಗಿತ್ತು. ಅಧಿಕಾರಿಗಳೇ ಒಂದು ಸಣ್ಣ ದರ ಇಟ್ಟಿದ್ದರು.

1982ರಲ್ಲಿ ಎರಡು ರೆಕಾರ್ಡುಗಳಾಗಿ ಬಂದ ಆಲ್ಬಮ್ಮಿನ ಹಿಂದೆ ಇದೆಲ್ಲ ಇದೆ. ಹಾಡುಗಳ ಆಚೀಚೆ ಆ ಊರುಗಳ ಸದ್ದನ್ನು ಉಳಿಸಿಕೊಂಡಿದ್ದಾರೆ. ಸ್ಟುಡಿಯೋದಲ್ಲಿ ಒಂದಿಷ್ಟು ತಿದ್ದಿ ತೀಡಿದ್ದಾರೆ, ಅದನ್ನೂ ಒಪ್ಪಿದೆ. ತಿದ್ದದೆ ಬಿಟ್ಟ ಲೈವ್ ಆಲ್ಬಮ್ ಎಷ್ಟಿವೆ ಹೇಳಿ.

ನಿಮ್ಮ ಪತ್ರದಲ್ಲಿ ನಾನು ಸುತರಾಂ ಒಪ್ಪದ ಮಾತು ಒಂದೇ. ಅತಿಥಿಗಳು ಶೋಕಿಗೆ ಕೂತವರು ಅನ್ನುವುದು.

'ಫಿಶಿಂಗ್ ಜಂಕ್ಸ್ ಅಟ್ ಸನ್‌ಸೆಟ್' ಎಂಬ ತುಣುಕನ್ನು ಇನ್ನೊಮ್ಮೆ ಹಾಕಿ. ಒಂಬತ್ತು ನಿಮಿಷಕ್ಕೂ ಜಾಸ್ತಿ ಇದೆ, ಗಡಿಬಿಡಿಯಲ್ಲಿ ಕೇಳಬೇಡಿ. ಇದು ಜಾರ್ ಸ್ವಂತ ರಚನೆ ಅಲ್ಲ. ಗುಝೆಂಗ್ ನುಡಿಸುವವರೆಲ್ಲ ಕಲಿಯುವ ಒಂದು ಹೆಸರಾಂತ ಚೀನೀ ರಚನೆ. ಸಂಜೆ ಹೊತ್ತು ಹಾಡಿಕೊಂಡು ಮನೆಗೆ ಮರಳುವ ಬೆಸ್ತರ ದೋಣಿಗಳ ಚಿತ್ರ ಅದು. ಜಾರ್ ಮಾಡಿದ್ದು ಅಳವಡಿಕೆ ಮಾತ್ರ. ನುಡಿಸಿದ್ದು ಪೀಕಿಂಗ್ ಕನ್ಸರ್ವೇಟರಿಯ, ಅಂದರೆ ಬೀಜಿಂಗ್‌ನ ಸಂಗೀತ ಶಾಲೆಯ, ಆರ್ಕೆಸ್ಟ್ರಾ. ಗುಝೆಂಗ್ ಅಂದರೆ ಉದ್ದನೆಯ ಹಲಗೆಯಂಥ ತಂತಿವಾದ್ಯ, ಮುಂದೆ ಮಲಗಿಸಿಕೊಂಡು ಮೀಟುತ್ತಾರೆ. ಅದರ ತಂತಿಗಳನ್ನು ಸಾಮಾನ್ಯವಾಗಿ ಐದು ಸ್ವರಕ್ಕೆ ಕಟ್ಟುತ್ತಾರೆ: ಸ, ರಿ, ಗ, ಪ, ದ. ನಮ್ಮ ಮೋಹನ ರಾಗದ ಸ್ವರಗಳೇ. ಅದಕ್ಕೇ ನಮ್ಮ ಕಿವಿಗೆ ಥಟ್ಟನೆ ಹತ್ತಿರವಾಗುತ್ತದೆ. ಹಾಗಂತ ಇದು ಮೋಹನ ಅಲ್ಲ. ಸ್ವರದಿಂದ ಸ್ವರಕ್ಕೆ ತೂಗುತ್ತಾ ಸಾಗುವ ನಮ್ಮ ಗಮಕ ಅಲ್ಲಿಲ್ಲ. ಅವರು ಒಂದು ಸ್ವರವನ್ನು ಮೀಟಿ, ತಂತಿಯನ್ನು ಎಡಗೈಯಲ್ಲಿ ಒತ್ತಿ ಒಂದು ನಡುಕ ಕೊಟ್ಟು ಬಿಟ್ಟುಬಿಡುತ್ತಾರೆ.

ಶುರು ನಿಧಾನ. ತುಂಬಾ ಹೊತ್ತು ಹಾಗೇ ಇರುತ್ತದೆ. ಆಮೇಲೆ ಲಯ ಬಿಗಿಯಾಗುತ್ತಾ, ತಂತಿಗಳ ಮೇಲೆ ಬೆರಳು ಎಳೆದ ಸದ್ದು ಅಲೆಯಂತೆ ಏಳುತ್ತಾ ಹೋಗುತ್ತದೆ. ಸೀಕ್ವೆನ್ಸರಿಗೆ ಇಲ್ಲಿ ಕೆಲಸವಿಲ್ಲ. ಯಾಕೆಂದರೆ ವೇಗ ಏರಿಸುವುದು ಇಳಿಸುವುದು ಪೂರ್ತಿ ಆರ್ಕೆಸ್ಟ್ರಾದವರ ಕೈಯಲ್ಲಿದೆ. ಮಿಕ್ಕ ಹಾಡುಗಳಲ್ಲಿ ಎಲ್ಲರೂ ಯಂತ್ರದ ಹಿಂದೆ ಓಡಿದರೆ, ಇಲ್ಲಿ ಜಾರ್ ತಾನೇ ಅವರ ಹಿಂದೆ ನಡೆಯಬೇಕು. ಸ್ವಲ್ಪ ತಡವಾದರೂ ಎದ್ದು ಕಾಣುತ್ತದೆ. ಸಿಂಥಸೈಜರಿನ ದನಿ ಸ್ವಲ್ಪ ಜಾಸ್ತಿ ಸಿಹಿಯಾಯಿತು ಅನ್ನುವುದು ನನ್ನ ತಕರಾರು. ಇನ್ನೂ ಕಡಿಮೆ ನುಡಿಸಿದ್ದರೂ ನಡೆಯುತ್ತಿತ್ತು. ಆದರೂ ಮನೆಯ ಯಜಮಾನ ಎದ್ದು ಅತಿಥಿಗೆ ಕುರ್ಚಿ ಬಿಟ್ಟುಕೊಟ್ಟಿದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಅತಿಥಿ ಕಲಾವಿದರು ಇರುವ ಯಾವ ಆಲ್ಬಮ್ ಬಂದರೂ ನಾನು ಮೊದಲು ನೋಡುವುದು ಇದನ್ನೇ. ಅತಿಥಿ ಬಂದದ್ದರಿಂದ ಇವರು ನುಡಿಸುವ ರೀತಿ ಬದಲಾಯಿತೇ ಇಲ್ಲವೇ? ಬದಲಾಗದಿದ್ದರೆ ನೀವು ಹೇಳುವ ಫೋಟೊ ಮಾತು ಸರಿ.

ಆ ಅತಿಥಿಗಳು ಯಾವ ಕಾಲ ದಾಟಿ ಬಂದವರು ಅನ್ನುವುದನ್ನೂ ನೆನಪಿಡಿ. 1966ರಿಂದ 1976ರವರೆಗೆ, ಸಾಂಸ್ಕೃತಿಕ ಕ್ರಾಂತಿಯ ಹೆಸರಲ್ಲಿ, ಅಲ್ಲಿ ಸಂಗೀತ ಶಾಲೆಗಳ ಕೆಲಸವೇ ನಿಂತುಹೋಗಿತ್ತು. ಪಶ್ಚಿಮದ ಸಂಗೀತ ನಿಷಿದ್ಧ, ಹಳೆಯ ಚೀನೀ ಸಂಗೀತವೂ ಅನುಮಾನದ ವಸ್ತು. ಎಷ್ಟೋ ವಿದ್ವಾಂಸರನ್ನು ಹೊಲದ ಕೆಲಸಕ್ಕೆ ಅಟ್ಟಿದ್ದರು. ಅದು ಮುಗಿದು ಐದೇ ವರ್ಷ. ಫ್ರಾನ್ಸಿನವರೊಬ್ಬರ ವಿಚಿತ್ರ ಯಂತ್ರಗಳ ಪಕ್ಕದಲ್ಲಿ ಕೂತು ತಮ್ಮ ಹಳೆಯ ರಚನೆಯನ್ನು ಸಾರ್ವಜನಿಕವಾಗಿ ನುಡಿಸುವುದು ಅವರಿಗೆ ಸಣ್ಣ ವಿಷಯವಾಗಿರಲಾರದು.

ಜಾರ್‌ಗೂ ಅದು ಸಣ್ಣ ವಿಷಯವಲ್ಲ ಅಂತ ನನ್ನ ಊಹೆ. ಅವರ ತಂದೆ ಮೋರಿಸ್ ಜಾರ್ ಸಿನಿಮಾ ಸಂಗೀತದಲ್ಲಿ ಬಹು ದೊಡ್ಡ ಹೆಸರು, ಭಾರೀ ಆರ್ಕೆಸ್ಟ್ರಾಗಳಿಗೆ ಬರೆದವರು. ನಮ್ಮ ಸಾವನದುರ್ಗ, ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಸಂಗೀತ ಕೊಟ್ಟವರು ಅವರೇ, ಅದಕ್ಕೆ ಆಸ್ಕರ್ ಕೂಡ ಬಂತು. ಮಗ ಐದು ವರ್ಷದವನಿದ್ದಾಗಲೇ ಅವರು ಮನೆ ಬಿಟ್ಟು ಅಮೆರಿಕದ ದಾರಿ ಹಿಡಿದಿದ್ದರು. ಮಗ ಹೋಗಿ ಸೇರಿದ್ದು ಪ್ಯಾರಿಸ್‌ನಲ್ಲಿ ಪಿಯರ್ ಶೆಫರ್ ಅವರ ಗುಂಪನ್ನು. ರೈಲಿನ ಸದ್ದು, ಬಾಗಿಲಿನ ಕಿರ್ರೆನ್ನುವಿಕೆಯನ್ನು ಟೇಪಿಗೆ ಹಿಡಿದು ಕತ್ತರಿಸಿ ಅಂಟಿಸಿ ಸಂಗೀತ ಮಾಡುತ್ತಿದ್ದವರ ಗುಂಪು ಅದು. ಅಪ್ಪನ ಆರ್ಕೆಸ್ಟ್ರಾದಿಂದ ಅಷ್ಟು ದೂರ ಹೋದವರು ಬೀಜಿಂಗ್‌ನಲ್ಲಿ ಆರ್ಕೆಸ್ಟ್ರಾದ ಜೊತೆ ಹೆಜ್ಜೆ ಹಾಕುತ್ತಾರೆ.

ಅವರ ಮತ್ತೊಂದು ಲೈವ್ ಆಲ್ಬಮ್ ಬಗ್ಗೆಯೂ ಕೇಳಿದ್ದೀರಿ, ಅಮೆರಿಕದ ಹ್ಯೂಸ್ಟನ್, ಫ್ರಾನ್ಸಿನ ಲಿಯಾನ್ ಊರುಗಳ ಕಾರ್ಯಕ್ರಮಗಳಿಂದ ಬಂದ 1987ರ ಹ್ಯೂಸ್ಟನ್-ಲಿಯಾನ್. ಆಲ್ಬಮ್ಮಾಗಿ ಅದು ಚೀನಾದ್ದಕ್ಕಿಂತ ತೆಳು. ಗಗನಚುಂಬಿ ಕಟ್ಟಡಗಳನ್ನೇ ಪರದೆ ಮಾಡಿ, ಪಟಾಕಿ, ಲೇಸರ್ ಎಲ್ಲ ಹಚ್ಚಿ ಮಾಡಿದ ಕಾರ್ಯಕ್ರಮದಿಂದ ಬೆಳಕು ತೆಗೆದುಬಿಟ್ಟರೆ ಉಳಿಯುವುದು ಎಷ್ಟು? 1986ರ ಏಪ್ರಿಲ್ 5ರಂದು ಹ್ಯೂಸ್ಟನ್‌ನಲ್ಲಿ ಸೇರಿದ್ದವರು ಸುಮಾರು 13 ಲಕ್ಷ ಅನ್ನುತ್ತಾರೆ. ಹೆದ್ದಾರಿಯಲ್ಲೇ ಗಾಡಿ ನಿಲ್ಲಿಸಿ ನೋಡಿದರಂತೆ. ಆದರೆ ಆ ಆಲ್ಬಮ್ಮಿನಲ್ಲೂ ಅತಿಥಿಯ ಜಾಗ ಒಂದಿದೆ, ಅದನ್ನು ಬಿಡಬೇಡಿ.

ಗಗನಯಾತ್ರಿ ರಾನ್ ಮೆಕ್‌ನೇರ್ ಲೇಸರ್ ವಿಷಯದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು, ಒಳ್ಳೆಯ ಸ್ಯಾಕ್ಸೊಫೋನ್ ವಾದಕರೂ ಹೌದು. 1984ರಲ್ಲಿ ಅಂತರಿಕ್ಷಕ್ಕೆ ಹೋದಾಗ ವಾದ್ಯವನ್ನು ಜೊತೆಗೆ ಒಯ್ದಿದ್ದರು. ಮುಂದಿನ ಪಯಣದಲ್ಲಿ ಜಾರ್ ಬರೆದ ತುಣುಕೊಂದನ್ನು ಅವರು ಅಲ್ಲಿಂದಲೇ ನುಡಿಸಿ ರೆಕಾರ್ಡ್ ಮಾಡುವುದೆಂದು ತೀರ್ಮಾನವಾಗಿತ್ತು. ಆ ನೌಕೆ ಚಾಲೆಂಜರ್. 1986ರ ಜನವರಿ 28ರಂದು ಹಾರಿದ 73 ಸೆಕೆಂಡುಗಳಲ್ಲಿ ಸಿಡಿಯಿತು. ಏಳು ಜನರೂ ಹೋದರು. ಕಾರ್ಯಕ್ರಮವೇ ರದ್ದಾಗುವ ಮಾತು ಬಂತು. ಕೊನೆಗೆ ಅವರ ನೆನಪಿಗೇ ನಡೆಸಿದರು. ಆ ತುಣುಕಿಗೆ 'ರಾನ್ಸ್ ಪೀಸ್' ಎಂಬ ಹೆಸರು ಸೇರಿತು. ಹ್ಯೂಸ್ಟನ್ ವೇದಿಕೆಯಲ್ಲಿ ಅದನ್ನು ನುಡಿಸಿದ್ದು ಸ್ಯಾಕ್ಸೊಫೋನ್ ವಾದಕ ಕರ್ಕ್ ವ್ಹೇಲಮ್. ಹೆಚ್ಚು ಚಮತ್ಕಾರ ಮಾಡದೆ, ಇನ್ನೊಬ್ಬರಿಗಾಗಿ ಬರೆದದ್ದನ್ನು ಹಿಡಿತದಲ್ಲಿ ನುಡಿಸಿದ್ದಾರೆ. ಇಡೀ ಆಲ್ಬಮ್ಮಿನಲ್ಲಿ ನಾನು ಮತ್ತೆ ಮತ್ತೆ ಕೇಳುವುದು ಅದೊಂದನ್ನೇ.

2004ರ ಅಕ್ಟೋಬರ್‌ನಲ್ಲಿ ಜಾರ್ ಮತ್ತೆ ಬೀಜಿಂಗ್‌ಗೆ ಹೋದರು. ಈ ಸಲ ನಿಷಿದ್ಧ ನಗರ ಎಂಬ ಹಳೆಯ ಅರಮನೆಯ ಬಾಗಿಲಲ್ಲೇ ವೇದಿಕೆ. ಎರ್ಹು ಎಂಬ ಎರಡು ತಂತಿಯ ವಾದ್ಯದ ಚೆಂಗ್ ಲಿನ್ ಅತಿಥಿ. ಅದರ ವೀಡಿಯೊ ಇದೆ, ನೋಡಲು ಚೆನ್ನಾಗಿದೆ. ಆದರೆ ಅಷ್ಟು ಹೊತ್ತಿಗೆ ಎಲ್ಲ ಸಲೀಸು. ಕರೆಂಟಿಗೂ ಬಸ್ಸಿಗೂ ಪರದಾಡಿದ 1981ರ ಬಿಗಿ ಅದರಲ್ಲಿಲ್ಲ.

ಇನ್ನೊಂದು ಮಾತು. ಗಣೇಶನ ಪೆಂಡಾಲಿನಲ್ಲಿ ಹಾಡಿನ ಮಧ್ಯೆ ಕರೆಂಟು ಹೋಗಿ, ಕೀಬೋರ್ಡ್ ಸತ್ತು, ತಬಲಾ ಒಂದರಲ್ಲೇ ಗಾಯಕರು ಹಾಡು ಮುಗಿಸಿದ್ದನ್ನು ಪತ್ರದ ಕೊನೆಯಲ್ಲಿ ಎರಡೇ ಸಾಲಲ್ಲಿ ಹೇಳಿ ಮುಗಿಸಿದ್ದೀರಿ. ಅನ್ಯಾಯ. ಅದನ್ನು ಪೂರ್ತಿ ಬರೆದು ಕಳಿಸಿ. ನಮ್ಮಲ್ಲಿ ಎರಡು ಪುಟ ಜಾಗವಿದೆ. ತಂಡದ ಹಳೆಯ ಫೋಟೊ ಇದ್ದರೆ ಅದನ್ನೂ ಲಗತ್ತಿಸಿ. ಹೆಸರು ಹಾಕಬೇಕೋ ಬೇಡವೋ ಆಗ ಮತ್ತೆ ಹೇಳಿ.

— ಸಂ.