ಕೃಷಿ ಮೇಳಕ್ಕೆ ಬೆಂಗಳೂರಿಗೆ ಬಂದವರು ರೂಮ್ ಹಿಡಿಯುವಾಗ: ಹಾವೇರಿಯ ಅಣ್ಣನ ಪ್ರಶ್ನೆಗೆ ಉತ್ತರ

ಅಣ್ಣ, ನಿಮ್ಮ ಅನುಭವ ಪೂರ್ತಿ ಓದಿದೆ. ಹೋದ ಸಲ ಜಿಕೆವಿಕೆ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ) ಮೇಳಕ್ಕೆ ಬಂದಾಗ ಆ್ಯಪ್‌ನಲ್ಲಿ ಫೋಟೊ ನೋಡಿ ರೂಮ್ ಹಿಡಿದಿರಿ. ನಸುಕಿನ ಐದಕ್ಕೆ ಹೋಗಿ ನಿಂತರೆ ಹೆಚ್ಚುವರಿ ಒಂದು ದಿನದ ಬಾಡಿಗೆ ಕೇಳಿದರು, ರೂಮಿಗೆ ಕಿಟಕಿಯೇ ಇರಲಿಲ್ಲ, ಒಂಬತ್ತೂವರೆಗೆ ಸ್ನಾನಕ್ಕೆ ಹೋದರೆ ಬಿಸಿನೀರು ಸಿಗಲಿಲ್ಲ, ತಿಗಣೆ ಕಚ್ಚಿ ಮೈಮೇಲೆ ದದ್ದು ಎದ್ದವು. ಈ ಸಲ ಆರು ಜನ ಬರುತ್ತಿದ್ದೀರಿ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು. ಗುರುವಾರ ನಸುಕಿಗೆ ಇಳಿದು ಶುಕ್ರವಾರ ರಾತ್ರಿ ಬಸ್ಸಿಗೆ ವಾಪಸ್. ಈ ನಾಲ್ಕು ತೊಂದರೆಗೂ ಕಾರಣ ಇದೆ, ನಾಲ್ಕನ್ನೂ ದುಡ್ಡು ಕೊಡುವ ಮುಂಚೆಯೇ ಕಂಡುಹಿಡಿಯಬಹುದು.

ಮೊದಲು ಗಂಟೆಯ ಲೆಕ್ಕ. ಬೆಂಗಳೂರಿನಲ್ಲಿ ಎರಡು ಪದ್ಧತಿ ಇದೆ. ಒಂದು, ಮಧ್ಯಾಹ್ನ 12ರಿಂದ ಮರುದಿನ 11 ಅಥವಾ 12ರವರೆಗೆ ಒಂದು ದಿನ. ಇನ್ನೊಂದು, ನೀವು ರಿಜಿಸ್ಟರ್‌ಗೆ ಸಹಿ ಹಾಕಿದ ಗಂಟೆಯಿಂದ 24 ಗಂಟೆ. ನಿಮ್ಮ ಪ್ರಯಾಣಕ್ಕೆ ಇದನ್ನು ಹಚ್ಚಿ ನೋಡಿ. ಗುರುವಾರ ಬೆಳಗ್ಗೆ 5ಕ್ಕೆ ಒಳಗೆ ಹೋಗಿ ಶುಕ್ರವಾರ ರಾತ್ರಿ 9ಕ್ಕೆ ಖಾಲಿ ಮಾಡುತ್ತೀರಿ. ಮಧ್ಯಾಹ್ನದ ಲೆಕ್ಕದ ಹೋಟೆಲಿನಲ್ಲಿ ಬುಧವಾರದ ದಿನ, ಗುರುವಾರದ ದಿನ, ಶುಕ್ರವಾರದ ದಿನ ಅಂತ ಮೂರು ದಿನದ ಬಿಲ್ ಆಗುತ್ತದೆ. ನೀವು ಮಲಗಿದ್ದು ಒಂದೇ ರಾತ್ರಿ! 24 ಗಂಟೆಯ ಲಾಡ್ಜಿನಲ್ಲಿ ಗುರುವಾರ 5ರಿಂದ ಶುಕ್ರವಾರ 5, ಅಲ್ಲಿಂದ ಶನಿವಾರ 5, ಎರಡೇ ದಿನ. ಶುಕ್ರವಾರ ಬೆಳಗ್ಗೆ 5ಕ್ಕೆ ಮೊದಲೇ ಸಾಮಾನು ಕಟ್ಟಿ ಕೆಳಗಿಟ್ಟರೆ ಒಂದೇ ದಿನ. ರಾತ್ರಿವರೆಗೆ ಬ್ಯಾಗ್ ರಿಸೆಪ್ಷನ್ನಿನಲ್ಲಿ ಇಟ್ಟುಕೊಳ್ಳುತ್ತಾರಾ ಎಂದು ಮೊದಲೇ ಕೇಳಿರಿ, ಬಹಳ ಕಡೆ ಒಪ್ಪುತ್ತಾರೆ. ಒಪ್ಪದಿದ್ದರೆ ರೈಲು ನಿಲ್ದಾಣದ ಕ್ಲೋಕ್ ರೂಮ್ ಇದೆ. ಅಲ್ಲಿ ಬೀಗ ಹಾಕಿದ ಬ್ಯಾಗನ್ನಷ್ಟೇ ತೆಗೆದುಕೊಳ್ಳುತ್ತಾರೆ, ಹಾಗಾಗಿ ಸಣ್ಣ ಬೀಗ ಜತೆಗಿರಲಿ.

ಇದರಲ್ಲೊಂದು ಸೂಕ್ಷ್ಮ ಇದೆ. ಬಾಗಿಲ ಮೇಲೆ 24 ಗಂಟೆ ಅಂತ ಬೋರ್ಡ್ ಇದ್ದರೂ ಅದೇ ಲಾಡ್ಜನ್ನು ಆ್ಯಪ್‌ನಲ್ಲಿ ಬುಕ್ ಮಾಡಿದರೆ ಆ್ಯಪ್‌ನ ಸಮಯವೇ ಅನ್ವಯಿಸುವುದುಂಟು, ಅಂದರೆ ಮಧ್ಯಾಹ್ನ ಒಳಗೆ, ಮರುದಿನ ಹನ್ನೊಂದಕ್ಕೆ ಹೊರಗೆ. ನಿಮಗೆ ಆದದ್ದು ಇದೇ. ನಸುಕಿಗೆ ಬರುವವರು ಆ್ಯಪ್‌ನಲ್ಲಿ ದರ ಎಷ್ಟೇ ಕಡಿಮೆ ಕಂಡರೂ ಲಾಡ್ಜಿಗೇ ಫೋನ್ ಮಾಡಿ ಮಾತಾಡಿಕೊಳ್ಳುವುದು ಮೇಲು. ಸಹಿ ಮಾಡುವಾಗ ರಿಜಿಸ್ಟರಿನಲ್ಲಿ ಬರೆದ ಸಮಯವನ್ನು ಓದಿ. ಮುಕ್ಕಾಲು ಗಂಟೆ ಹಿಂದಿನ ಸಮಯ ಬರೆದಿದ್ದರೆ ಆಗಲೇ ತಿದ್ದಿಸಿ. ತಡವಾದರೆ ಗಂಟೆ ಲೆಕ್ಕವೋ, ಅರ್ಧ ದಿನದ ಬಾಡಿಗೆಯೋ ಎಂಬುದನ್ನೂ ಕೇಳಿಡಿ.

ಎಲ್ಲಿ ಉಳಿಯಬೇಕು? ಒಂದು ರಾತ್ರಿ, ನಸುಕಿನಲ್ಲಿ ಬರುವುದು ಅಂದರೆ ಮೆಜೆಸ್ಟಿಕ್, ಗಾಂಧಿನಗರವೇ ಸರಿ. 24 ಗಂಟೆಯ ಲಾಡ್ಜುಗಳು ಅಲ್ಲಿ ಹೆಚ್ಚು, ಒಂದು ಸರಿಬರದಿದ್ದರೆ ನಾಲ್ಕು ಹೆಜ್ಜೆಗೆ ಇನ್ನೊಂದು. ಜಿಕೆವಿಕೆ ಇರುವುದು ಬಳ್ಳಾರಿ ರಸ್ತೆಯಲ್ಲಿ, ಹೆಬ್ಬಾಳ ದಾಟಿ ಯಲಹಂಕದ ದಾರಿಗೆ. ಮೆಜೆಸ್ಟಿಕ್‌ನಿಂದ ಯಲಹಂಕದ ಕಡೆಯ ಬಿಎಂಟಿಸಿ ಬಸ್ಸುಗಳು ಸಿಗುತ್ತವೆ, ಆದರೆ ಎಂಟೂವರೆ ಮೇಲೆ ಹೆಬ್ಬಾಳದ ಮೇಲ್ಸೇತುವೆ ಹತ್ತಿರ ವಾಹನ ಕಟ್ಟಿಕೊಳ್ಳುತ್ತವೆ. ಏಳೂವರೆಗೆ ಹೊರಟುಬಿಡಿ. ಎರಡು ರಾತ್ರಿ ಇರುವವರಾದರೆ ನನ್ನ ಆಯ್ಕೆ ಯಲಹಂಕ, ಇಲ್ಲವೇ ಸಹಕಾರನಗರ. ಹುಬ್ಬಳ್ಳಿ, ಹಾವೇರಿ, ದಾವಣಗೆರೆ ಕಡೆಯ ಬಸ್ಸು ತುಮಕೂರು ರಸ್ತೆಯಿಂದಲೇ ಬರುವುದರಿಂದ ಅಂಥವರು ಮೆಜೆಸ್ಟಿಕ್‌ವರೆಗೆ ಬರಬೇಕಾಗಿಲ್ಲ. ಗೊರಗುಂಟೆಪಾಳ್ಯದಲ್ಲಿ ಇಳಿದು ರಿಂಗ್ ರಸ್ತೆಯ ಬಸ್ಸಿಗೆ ಹೆಬ್ಬಾಳ, ಅಲ್ಲಿಂದ ಯಲಹಂಕದ ಬಸ್ಸು. ಕಲಬುರಗಿ, ರಾಯಚೂರು ಕಡೆಯಿಂದ ರೈಲಿಗೆ ಬರುವವರು ತಮ್ಮ ರೈಲು ಯಲಹಂಕದಲ್ಲಿ ನಿಲ್ಲುತ್ತದೆಯೇ ನೋಡಿಕೊಳ್ಳಿ, ಕೆಲವು ನಿಲ್ಲುತ್ತವೆ. ಮೇಳ ಸಾಮಾನ್ಯವಾಗಿ ನವೆಂಬರ್‌ನಲ್ಲಿ ಗುರುವಾರದಿಂದ ಭಾನುವಾರದವರೆಗೆ ಇರುತ್ತದೆ. 2024ರಲ್ಲಿ 14ರಿಂದ 17, 2025ರಲ್ಲಿ 13ರಿಂದ 16 ಇತ್ತು. ಶನಿವಾರ, ಭಾನುವಾರ ಜನ ಜಾಸ್ತಿ, ರೂಮಿನ ದರವೂ ಏರುತ್ತದೆ. ನೀವು ಗುರುವಾರ, ಶುಕ್ರವಾರ ಆರಿಸಿಕೊಂಡದ್ದು ಒಳ್ಳೆಯದಾಯಿತು.

ಇನ್ನು ಕಿಟಕಿಯ ವಿಷಯ. ಆ್ಯಪ್‌ನ ಫೋಟೊ ಅಗಲ ಲೆನ್ಸಿನಲ್ಲಿ, ಬಾಗಿಲ ಮೂಲೆಯಿಂದ ತೆಗೆದದ್ದು. ಹತ್ತಡಿಯ ರೂಮು ಹದಿನೈದು ಅಡಿಯಂತೆ ಕಾಣುತ್ತದೆ. ಫೋಟೊದಲ್ಲಿ ದೊಡ್ಡ ಪರದೆ ಕಂಡ ಮಾತ್ರಕ್ಕೆ ಹಿಂದೆ ಕಿಟಕಿ ಇದೆ ಎಂದಲ್ಲ, ಬರೀ ಗೋಡೆಯ ಮುಂದೂ ಪರದೆ ಹಾಕುತ್ತಾರೆ. ಗಾಂಧಿನಗರದ ಕಟ್ಟಡಗಳು ಒಂದಕ್ಕೊಂದು ತಾಗಿಕೊಂಡಿವೆ, ಮಧ್ಯದ ರೂಮುಗಳಿಗೆ ಗಾಳಿ ಬರುವುದು ಪೈಪುಗಳಿರುವ ಕಿರಿದಾದ ಸಂದಿಯಿಂದ ಮಾತ್ರ. ಮುಗ್ಗಲು ವಾಸನೆ, ಒದ್ದೆ ಗೋಡೆ ಅಲ್ಲಿಂದಲೇ. ಫೋನಿನಲ್ಲಿ "ಕಿಟಕಿ ಇದೆಯಾ" ಎಂದರೆ ಇದೆ ಅನ್ನುತ್ತಾರೆ. "ಕಿಟಕಿ ತೆಗೆದರೆ ಎದುರಿಗೆ ಏನು ಕಾಣುತ್ತದೆ" ಎಂದು ಕೇಳಿ, ಉತ್ತರ ತಡವರಿಸಿದರೆ ಅರ್ಥವಾಗುತ್ತದೆ. ರಸ್ತೆ ಕಡೆಯ ರೂಮಿನಲ್ಲಿ ಬೆಳಕಿದೆ, ಆದರೆ ಇಡೀ ರಾತ್ರಿ ಬಸ್ಸಿನ ಹಾರ್ನ್. ಹಿಂಬದಿಯ, ಮೂರನೇ ಮಹಡಿಯ ರೂಮ್ ಕೇಳಿ, ಲಿಫ್ಟಿನ ಪಕ್ಕದ್ದು ಬೇಡ. ಎಸಿ ಕೂಡ ಬೇಡ ಅಣ್ಣ, ನವೆಂಬರ್ ರಾತ್ರಿಗೆ ಇಲ್ಲಿ ಫ್ಯಾನೇ ಹೆಚ್ಚು. ಆ ದುಡ್ಡಿನಲ್ಲಿ ಕಿಟಕಿ ಇರುವ ರೂಮ್ ಹಿಡಿಯಿರಿ.

ಬಚ್ಚಲಿನ ಗಬ್ಬು ವಾಸನೆ ಬಂದರೆ ಗಾಬರಿ ಆಗಬೇಡಿ. ನೆಲದ ಜಾಲರಿಯ ಕೆಳಗೆ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ನಿಂತಿರಬೇಕು, ಅದೇ ಒಳಚರಂಡಿಯ ಗಾಳಿಯನ್ನು ತಡೆಯುವುದು. ಬಹಳ ದಿನ ಖಾಲಿ ಇದ್ದ ರೂಮಿನಲ್ಲಿ ಆ ನೀರು ಆರಿರಬಹುದು. ಜಾಲರಿಗೆ ಎರಡು ಮಗ್ ನೀರು ಸುರಿದು ಹತ್ತು ನಿಮಿಷ ಬಿಡಿ. ಆಮೇಲೂ ವಾಸನೆ ಇದ್ದರೆ ರೂಮ್ ಬದಲಾಯಿಸಿ.

ಬಿಸಿನೀರಿಗೆ ಮೂರು ಏರ್ಪಾಡು ಇರುತ್ತವೆ. ತಾರಸಿಯ ಸೋಲಾರ್, ರೂಮಿಗೊಂದು ಗೀಸರ್, ಅಥವಾ ಬೆಳಗ್ಗೆ ಎರಡು ಮೂರು ಗಂಟೆ ಮಾತ್ರ ಬಿಡುವ ಬಾಯ್ಲರ್. ಸೋಲಾರ್ ಇದ್ದರೆ ಕೆಳಮಹಡಿಯವರಿಗೆ ಮೊದಲ ಒಂದೆರಡು ಬಕೆಟ್ ತಣ್ಣೀರೇ ಬರುವುದು, ತಾರಸಿಯಿಂದ ಪೈಪಿನಲ್ಲಿ ನಿಂತ ನೀರು ಅದು. ಹಿಂದಿನ ದಿನ ಮೋಡ ಕವಿದಿದ್ದರೆ ಎಷ್ಟು ಬಿಟ್ಟರೂ ಬಿಸಿ ಬರದು, ನವೆಂಬರ್‌ನಲ್ಲಿ ಅಂಥ ದಿನಗಳು ಇದ್ದೇ ಇವೆ. ನಿಮಗೆ ಒಂಬತ್ತೂವರೆಗೆ ಸಿಗದಿದ್ದಕ್ಕೆ ಇದು, ಇಲ್ಲವೇ ಬಾಯ್ಲರಿನ ಸಮಯ ಮುಗಿದದ್ದು ಕಾರಣ. "ರೂಮಿನಲ್ಲೇ ಗೀಸರ್ ಇದೆಯಾ, ಎಷ್ಟು ಲೀಟರ್" ಎಂದು ಕೇಳಿರಿ. 15 ಲೀಟರಿನ, 2 ಕಿಲೋವ್ಯಾಟ್ ಗೀಸರಿಗೆ ನೀರು ಚೆನ್ನಾಗಿ ಕಾಯಲು ಸುಮಾರು 20 ನಿಮಿಷ ಬೇಕು. ತಣ್ಣೀರು ಬೆರೆಸಿದರೆ ಎರಡು ಬಕೆಟ್ ಆಗುತ್ತದೆ, ಮತ್ತೆ 20 ನಿಮಿಷ ಕಾಯಬೇಕು. ಒಂದು ರೂಮಿನಲ್ಲಿ ಮೂವರಿದ್ದರೆ ಸ್ನಾನ ಮುಗಿಸಲು ಗಂಟೆಯ ಮೇಲಾಗುತ್ತದೆ. ಏಳೂವರೆಗೆ ಹೊರಡಬೇಕಾದರೆ ಆರಕ್ಕೇ ಸ್ವಿಚ್ ಹಾಕಿ. ಎಷ್ಟೋ ಕಡೆ ಸ್ವಿಚ್ ಬಾಗಿಲ ಹೊರಗೆ ಇರುತ್ತದೆ, ಹುಡುಕಿ ನೋಡಿ. ನೀರು ಮುಟ್ಟಿದಾಗ ಜುಮ್ ಎಂದರೆ ಅರ್ಥಿಂಗ್ ಕೆಟ್ಟಿದೆ, ಆ ಬಚ್ಚಲು ಬಳಸಲೇಬೇಡಿ. ಗ್ಯಾಸ್ ಗೀಸರ್ ಮುಚ್ಚಿದ ಬಚ್ಚಲ ಒಳಗೇ ಇದ್ದರೆ ಆ ರೂಮೇ ಬೇಡ. ಅದು ಉರಿಯುವಾಗ ಗಾಳಿಯಾಡದಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಪ್ರಜ್ಞೆ ತಪ್ಪಿ ಜೀವ ಕಳೆದುಕೊಂಡಿದ್ದಾರೆ.

ತಿಗಣೆಗೆ ಈಗ ಬರುತ್ತೇನೆ, ಇದು ಮನೆವರೆಗೂ ಬರುವ ಪೀಡೆ. ಬೆಡ್‌ಶೀಟ್ ಬೆಳ್ಳಗಿದೆ ಅಂದುಕೊಂಡು ಸುಮ್ಮನಾಗಬೇಡಿ, ಅವು ಸಾಮಾನ್ಯವಾಗಿ ಶೀಟಿನ ಮೇಲೆ ಕಾಣುವಂತೆ ಕೂರುವುದಿಲ್ಲ. ಹಾಸಿಗೆಯ ಅಂಚಿನ ಹೊಲಿಗೆ, ಮಂಚದ ತಲೆಹಲಗೆಯ ಹಿಂಬದಿ, ಸ್ಕ್ರೂ ತೂತು, ಪ್ಲೈವುಡ್ ಸೇರುವ ಸಂದಿ, ಇವು ಅವುಗಳ ಜಾಗ. ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ. ತಲೆದಿಂಬಿನ ಕಡೆಯ ಎರಡೂ ಮೂಲೆಯಲ್ಲಿ ಶೀಟ್ ಎತ್ತಿ ಮೊಬೈಲ್ ಟಾರ್ಚ್ ಹಾಕಿ ಹೊಲಿಗೆಯನ್ನು ಬಿಡಿಸಿ ನೋಡಿ. ಪೆನ್ನಿನಿಂದ ಚುಕ್ಕಿ ಇಟ್ಟಂತೆ ಕಪ್ಪು ಕಲೆ, ಬಿಟ್ಟ ಪೊರೆ, ಒರೆಸಿದಂಥ ರಕ್ತದ ಗುರುತು ಕಂಡರೆ ತಿಗಣೆ ಇದೆ ಅಂತಲೇ ತಿಳಿಯಿರಿ. ಆಗ ಪಕ್ಕದ ರೂಮ್ ಕೊಟ್ಟರೆ ಒಪ್ಪಬೇಡಿ, ಗೋಡೆ ಸಂದಿ, ವೈರಿನ ಪೈಪಿನಲ್ಲಿ ಅವು ಆಚೆ ಈಚೆ ಓಡಾಡುತ್ತವೆ. ಬೇರೆ ಮಹಡಿ ಅಥವಾ ಬೇರೆ ಲಾಡ್ಜ್. ಕಂಡಿಲ್ಲವಾದರೂ ಬ್ಯಾಗನ್ನು ಹಾಸಿಗೆಯ ಮೇಲಿಡದೆ ಮೇಜಿನ ಮೇಲಿಡಿ, ಜಿಪ್ ಹಾಕಿರಲಿ.

ನೀವು ಪ್ರಶ್ನೆ ಹಾಕಿದ ಗುಂಪಿನಲ್ಲಿ ಒಬ್ಬರು "ನುವಾನ್ ಸಣ್ಣ ಬಾಟಲಿ ತಗೊಂಡು ಹೋಗಿ ಹೊಡೀರಿ" ಎಂದು ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಡೈಕ್ಲೋರ್‌ವಾಸ್ ಎಂಬ ಕೀಟನಾಶಕ. 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಹೊಲದಲ್ಲಿ ಗಾಳಿಗೆ ಬೆನ್ನು ಕೊಟ್ಟು ಹೊಡೆಯುತ್ತಿದ್ದ ಔಷಧಿಯ ಆವಿಯನ್ನು ಮುಚ್ಚಿದ ರೂಮಿನಲ್ಲಿ ರಾತ್ರಿಯಿಡೀ ಉಸಿರಾಡಿದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಕಚ್ಚಿಸಿಕೊಂಡು ಬಂದವರು ಊರಿಗೆ ಹೋದ ಮೇಲೆ ಬ್ಯಾಗನ್ನು ಅಂಗಳದಲ್ಲೇ ಬಿಚ್ಚಿ, ಬಟ್ಟೆಯನ್ನೆಲ್ಲ ಕೈ ಸುಡುವಂಥ ಬಿಸಿನೀರಿಗೆ ಹಾಕಿ, ಬ್ಯಾಗಿನ ಹೊಲಿಗೆಗೂ ಕುದಿನೀರು ಸುರಿಯಿರಿ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುವ ಹುಳು ಅದು, ಅಟ್ಟದ ಮೇಲೆ ಎಸೆದರೆ ಸಾಯುವುದಿಲ್ಲ.

ದುಡ್ಡಿನ ಮಾತು ಚುಟುಕಾಗಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5%, ಮುಂಚೆ 12% ಇತ್ತು. 1,500ರ ರೂಮಿಗೆ 75 ರೂಪಾಯಿ ಸೇರಿ 1,575. ಈಗಲೂ 12% ಹಾಕಿದರೆ ಕೇಳಿ. ಜಿಎಸ್‌ಟಿ ವಸೂಲಿ ಮಾಡಿದರೆ ಬಿಲ್ಲಿನ ಮೇಲೆ 15 ಅಕ್ಷರ-ಅಂಕಿಗಳ ನಂಬರ್ ಇರಲೇಬೇಕು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ನಂಬರೇ ಇಲ್ಲದ ಚೀಟಿಯಲ್ಲಿ ತೆರಿಗೆ ಕೊಡಬೇಡಿ. ಇಂಟರ್ನೆಟ್ಟಿನಲ್ಲಿ ಸಿಕ್ಕ ನಂಬರಿಗೆ ಅಡ್ವಾನ್ಸ್ ಹಾಕುವ ಮುಂಚೆ ಯುಪಿಐಯಲ್ಲಿ ಬರುವ ಹೆಸರು ಲಾಡ್ಜಿನದ್ದೇ ಎಂದು ನೋಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬಿಲ್ಲಿನ ತಕರಾರಿಗೆ ಗ್ರಾಹಕ ಸಹಾಯವಾಣಿ 1915.

ಆಧಾರ್ ಜೆರಾಕ್ಸ್ ಬದಲು ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಅಥವಾ ಡ್ರೈವಿಂಗ್ ಲೈಸೆನ್ಸ್ ಕೊಡಿ. ಜೆರಾಕ್ಸ್ ಮೇಲೆ ಅಡ್ಡಲಾಗಿ ಲಾಡ್ಜಿನ ಹೆಸರು, ತಾರೀಕು ಬರೆಯಿರಿ. ಆರೂ ಜನರ ಗುರುತಿನ ಚೀಟಿ ಬೇಕಾಗುತ್ತದೆ, ಒಬ್ಬರದು ತಂದರೆ ಸಾಲದು.

ನಿಮಗೆ ನಾಲ್ವರು ಗಂಡಸರು, ಇಬ್ಬರು ಹೆಣ್ಣುಮಕ್ಕಳು. ನಾಲ್ವರಿಗೆ ಎರಡು ಡಬಲ್, ಹೆಣ್ಣುಮಕ್ಕಳಿಗೆ ಒಂದು, ಒಟ್ಟು ಮೂರು ರೂಮು ಒಂದೇ ಮಹಡಿಯಲ್ಲಿ ಕೇಳಿ. ಎಕ್ಸ್‌ಟ್ರಾ ಬೆಡ್ ಅಂದರೆ ಎಷ್ಟೋ ಕಡೆ ನೆಲಕ್ಕೆ ಹಾಸುವ ತೆಳು ಹಾಸಿಗೆ, ಕಾಲಿಡಲೂ ಜಾಗ ಉಳಿಯುವುದಿಲ್ಲ. ಹೆಣ್ಣುಮಕ್ಕಳ ರೂಮಿನ ಒಳಚಿಲಕವನ್ನು ಹಾಕಿ ತೆಗೆದು ನೋಡಿ, ಬಚ್ಚಲ ಗವಾಕ್ಷಿ ಮೊಗಸಾಲೆ ಕಡೆ ತೆರೆಯುತ್ತದೆಯೇ ನೋಡಿ, ಮೆಟ್ಟಿಲು ಎಲ್ಲಿದೆ ಎಂದು ಎಲ್ಲರೂ ಒಮ್ಮೆ ನಡೆದು ನೋಡಿ. ಬೆಂಕಿ ಬಿದ್ದಾಗ ಲಿಫ್ಟ್ ಹತ್ತುವ ಹಾಗಿಲ್ಲ.

ಕೊನೆಗೆ ಮೇಳದಲ್ಲಿ ಕೊಂಡದ್ದನ್ನು ರೂಮಿನಲ್ಲಿ ಇಡುವುದು, ಇದನ್ನು ಯಾರೂ ಕೇಳುವುದಿಲ್ಲ. ಕಸಿ ಸಸಿಗಳನ್ನು ಫ್ಯಾನಿನ ಕೆಳಗೆ ಇಡಬೇಡಿ, ಒಂದು ರಾತ್ರಿಗೆ ಚಿಗುರು ಬಾಡುತ್ತದೆ. ಕಿಟಕಿ ಇರುವ ಬಚ್ಚಲಲ್ಲಿ ನೇರವಾಗಿ ನಿಲ್ಲಿಸಿ, ಕವರಿನ ಮಣ್ಣು ಒಣಗಿದ್ದರೆ ಮಾತ್ರ ಅರ್ಧ ಲೋಟ ನೀರು. ಕ್ಲೋರಿನ್ ವಾಸನೆ ಬರುವ ನೀರಾದರೆ ಬಕೆಟ್ಟಿನಲ್ಲಿ ರಾತ್ರಿ ಬಿಟ್ಟು ಬೆಳಗ್ಗೆ ಹಾಕಿ. ಬಿತ್ತನೆ ಬೀಜ ಅದಕ್ಕೆ ಉಲ್ಟಾ, ಬಚ್ಚಲ ತೇವದಿಂದ ದೂರ, ಬ್ಯಾಗಿನಲ್ಲೇ ಇರಲಿ. ಕೀಟನಾಶಕ, ಕಳೆನಾಶಕ ಕೊಳ್ಳುವುದಿದ್ದರೆ ಊರಲ್ಲೇ ಕೊಳ್ಳಿ, ಮಲಗುವ ರೂಮಿನಲ್ಲಿ ಆ ಡಬ್ಬಿ ಬೇಡ. ಬಸ್ಸಿಗೆ ಹತ್ತುವಾಗ ಸಸಿಯನ್ನು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಸಂದಿಗೆ ಹಳೇ ಪೇಪರ್ ತುರುಕಿ. ಡಿಕ್ಕಿಯಲ್ಲಿ ಇಡಲೇಬೇಕಾದರೆ ಹಿಂದಿನದ್ದು ಬೇಡ, ಎಂಜಿನ್ ಅಲ್ಲೇ ಇದ್ದರೆ ಬೆಳಗಾಗುವಷ್ಟರಲ್ಲಿ ಬೇರು ಬೆಂದಿರುತ್ತದೆ. ಮಧ್ಯದ ಡಿಕ್ಕಿ ಕೇಳಿ, ಹಾವೇರಿಯಲ್ಲಿ ಇಳಿದ ತಕ್ಷಣ ಪೆಟ್ಟಿಗೆ ಬಿಚ್ಚಿ ಎರಡು ದಿನ ನೆರಳಲ್ಲಿಟ್ಟು ಆಮೇಲೆ ನೆಡಿ.