575001 ಪ್ರೈಮಾ, 576101 ಪ್ರೈಮಾ?

ಪ್ರಶ್ನೆ: ಸರ್, ನಮ್ಮ ಮನೆ ಮಂಗ್ಳೂರು ಹಂಪನಕಟ್ಟೆ ಹತ್ರ, ಪಿನ್‌ಕೋಡ್ 575001. ತಂಗಿ ಮನೆ ಉಡುಪಿಲಿ, 576101. ಎರಡೂ 1ರಲ್ಲಿ ಮುಗಿತದೆ, ಹಾಗಾಗಿ ಎರಡೂ ಪ್ರೈಮ್ (1 ಮತ್ತು ಅದೇ ನಂಬರ್ ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ ನಂಬರ್) ಅಂತ ಎಂಟನೇ ಕ್ಲಾಸಿನ ಮಗಳು ವಾದ ಮಾಡ್ತಾಳೆ. ಹೌದಾ? ಇಷ್ಟು ದೊಡ್ಡ ನಂಬರನ್ನ ಕೈಯಲ್ಲೇ ಚೆಕ್ ಮಾಡ್ಲಿಕ್ಕೆ ಆಗ್ತದಾ?

ಉತ್ತರ: ಖಂಡಿತ ಆಗ್ತದೆ, ಮಗಳು ಹೇಳಿದ್ರಲ್ಲಿ ಅರ್ಧ ಸರಿ ಉಂಟು. ಆದ್ರೆ ಕೊನೆಯ 1 ನೋಡಿ ಎಂತದೂ ಹೇಳ್ಲಿಕ್ಕೆ ಆಗೋದಿಲ್ಲ, 21, 51, 91 ಎಲ್ಲ 1ರಲ್ಲೇ ಮುಗಿಯೋದು, ಒಂದೂ ಪ್ರೈಮ್ ಅಲ್ಲ.

ಮಂಗ್ಳೂರಿದ್ದು ಬೇಗ ಮುಗಿತದೆ. ಅಂಕಿ ಕೂಡಿಸಿದ್ರೆ 18, ಅಂದ್ರೆ 9ರಿಂದ ಭಾಗ ಹೋಗ್ತದೆ, 63889 ಸಿಗ್ತದೆ, ಅದು ಪುನಃ 7ರಿಂದ ಹೋಗಿ 9127 ಉಳಿತದೆ, ಅದು ಪ್ರೈಮ್. 3 × 3 × 7 × 9127, ಅಷ್ಟೇ.

ಉಡುಪಿದ್ದಕ್ಕೆ ಸ್ವಲ್ಪ ತಾಳ್ಮೆ ಬೇಕು. 576101ರ ವರ್ಗಮೂಲ 759 ಚಿಲ್ಲರೆ. ನಂಬರ್ ಒಡೆಯೋದೇ ಆದ್ರೆ ಎರಡು ತುಂಡಲ್ಲಿ ಒಂದಾದ್ರೂ 759ರ ಒಳಗೇ ಇರ್ಬೇಕು, ಹಾಗಾಗಿ 757ರವರೆಗಿನ 134 ಪ್ರೈಮ್‌ಗಳಿಂದ ಭಾಗಿಸಿ ನೋಡಿದ್ರೆ ಸಾಕು. 7ರಲ್ಲಿ ಶೇಷ 1, 17ರಲ್ಲಿ 5, ಕೊನೆಯ 757ರಲ್ಲಿ 24, ಎಲ್ಲಿಯೂ ಸೊನ್ನೆ ಬರೋದಿಲ್ಲ. ಉಡುಪಿ ಪ್ರೈಮ್!

ನನಗೆ ತುಂಬ ಖುಷಿ ಕೊಟ್ಟದ್ದು ಇದರ ಮುಂದಿನ ವಿಷಯ ಮಾರಾಯ್ರೆ. 4ರಿಂದ ಭಾಗಿಸಿದಾಗ 1 ಉಳಿಯುವ ಯಾವ ಪ್ರೈಮನ್ನೂ ಎರಡು ವರ್ಗಗಳ ಮೊತ್ತವಾಗಿ ಬರೀಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 1640ರಲ್ಲಿ ಗಣಿತಜ್ಞ ಫರ್ಮಾ ಇದನ್ನ ಪತ್ರದಲ್ಲಿ ಬರೆದಿದ್ರು, ಸಾಧಿಸಿ ತೋರಿಸಿದ್ದು ನೂರು ವರ್ಷ ಕಳೆದ ಮೇಲೆ ಇನ್ನೊಬ್ಬ ಗಣಿತಜ್ಞ ಆಯ್ಲರ್. ಹುಡುಕಿದ್ರೆ ಉಡುಪಿಗೆ ಸಿಗೋದು 751 × 751 + 110 × 110, ಅಂದ್ರೆ 564001 + 12100. ಕೂಡಿಸಿ ನೋಡಿ.

575001ರಲ್ಲೂ 4ರ ಶೇಷ 1ವೇ, ಆದ್ರೆ ಅದನ್ನ ಹೀಗೆ ಬರೀಲಿಕ್ಕೆ ಆಗೋದೇ ಇಲ್ಲ. ಯಾಕೆ ಅಂದ್ರೆ ಯಾವ ವರ್ಗವನ್ನು 7ರಿಂದ ಭಾಗಿಸಿದ್ರೂ ಶೇಷ 0, 1, 2 ಇಲ್ಲಾಂದ್ರೆ 4. ಇವುಗಳಲ್ಲಿ ಎರಡು ಸೇರಿ 7 ಆಗುವ ಜೋಡಿಯೇ ಇಲ್ಲ, ಹಾಗಾಗಿ ಎರಡು ವರ್ಗಗಳ ಮೊತ್ತ 7ರಿಂದ ಹೋಗ್ಬೇಕಾದ್ರೆ ಎರಡೂ ವರ್ಗ 7ರಿಂದ ಹೋಗ್ಬೇಕು, ಆಗ ಮೊತ್ತ 49ರಿಂದಲೂ ಹೋಗ್ಬೇಕು. ನಮ್ಮ 575001ರಲ್ಲಿ 7 ಇರೋದು ಒಂದೇ ಸಲ.

ಮಗಳಿಗೆ ಇದೊಂದು ಹೇಳಿ: 751, 110 ಈ ಎರಡಕ್ಕೂ ಸಾಮಾನ್ಯ ಅಪವರ್ತನ ಇಲ್ಲದ ಕಾರಣ, ಮೇಲೆ 7ಕ್ಕೆ ಮಾಡಿದ ತರದ್ದೇ ವಾದದಿಂದ, 4ರಲ್ಲಿ 3 ಶೇಷ ಬರುವ ಯಾವ ಪ್ರೈಮೂ 576101ನ್ನ ಭಾಗಿಸೋದಿಲ್ಲ. ಆ ಜೋಡಿ ಮೊದ್ಲೇ ಗೊತ್ತಿದ್ರೆ 134ರ ಬದ್ಲು, 4ರಲ್ಲಿ 1 ಶೇಷ ಬರುವ ಪ್ರೈಮ್‌ಗಳಿಂದ ಬರೀ 63 ಭಾಗಾಕಾರ ಮಾಡಿದ್ರೆ ಸಾಕು.