ಸಂಪಾದಕರ ಉತ್ತರ: ಬಸ್ಸು ಬಿಟ್ಟವರು ಅಮ್ಮಂದಿರು

ಸಾಗರದ ಓದುಗರೊಬ್ಬರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ, ಬಾಸ್ಟನ್ ಹತ್ತಿರದ ಉಪನಗರವೊಂದರಲ್ಲಿ ಆರು ತಿಂಗಳು ಇದ್ದು ಬಂದಿದ್ದಾರೆ. ಬೆಳಗಿನ ವಾಕಿಂಗ್ ಹೊತ್ತಿಗೆ ಶಾಲೆಯ ಮುಂದೆ ದಿನಾ ಒಂದು ಬಸ್ಸು ಬಂದು ನಿಲ್ಲುತ್ತಿತ್ತಂತೆ. ನಗರದಿಂದ ಬಂದ ಕಪ್ಪು ಮಕ್ಕಳು ನಿದ್ದೆಗಣ್ಣಲ್ಲಿ ಇಳಿಯುತ್ತಿದ್ದರಂತೆ. "ಆ ಜನಕ್ಕೆ ಮಕ್ಕಳ ಓದಿನ ಕಾಳಜಿ ಕಡಿಮೆ, ಪಾಪ ಅಂತ ಸರ್ಕಾರವೇ ಇಲ್ಲಿಗೆ ಕಳಿಸುತ್ತೆ ಎಂದು ಅಲ್ಲಿರುವ ನಮ್ಮವರೇ ಹೇಳಿದರು. ನಿಜವೇ? ಕಾಳಜಿ ಇದ್ದರೆ ತಮ್ಮೂರ ಶಾಲೆಯನ್ನೇ ಸರಿ ಮಾಡಿಕೊಳ್ಳಬಹುದಿತ್ತಲ್ಲ?" ಎಂದು ಕೇಳಿದ್ದಾರೆ.

ಅಮ್ಮಾ, ನಮಸ್ಕಾರ.

ನೀವು ನೋಡಿದ್ದು ಬಹುಶಃ 'ಮೆಟ್ಕೊ' ಬಸ್ಸು, ಅಂದರೆ ಬಾಸ್ಟನ್ ನಗರದ ಮಕ್ಕಳನ್ನು ಉಪನಗರಗಳ ಶಾಲೆಗೆ ಕರೆದೊಯ್ಯುವ ಯೋಜನೆಯದು. ಇವತ್ತು ಅದಕ್ಕೆ ರಾಜ್ಯ ಸರ್ಕಾರ ದುಡ್ಡು ಕೊಡುತ್ತದೆ, ಅಷ್ಟು ನಿಜ. ಆದರೆ ಇದಕ್ಕೂ ಮುಂಚೆ ಓಡಿದ ಬಸ್ಸುಗಳ ಬಾಡಿಗೆ ಕಟ್ಟಿದವರು ಬೇರೆ.

ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ತಮ್ಮೂರ ಶಾಲೆ ಸರಿ ಮಾಡಿ ಎಂದು ಅವರು ಕೇಳಲಿಲ್ಲವೇ? ಕೇಳಿದರು. 1963ರ ಜೂನ್‌ನಲ್ಲಿ ರೂತ್ ಬ್ಯಾಟ್ಸನ್ ಎಂಬ ತಾಯಿ ಬೇಡಿಕೆಗಳ ಪಟ್ಟಿ ಹಿಡಿದು ಬಾಸ್ಟನ್ನಿನ ಶಾಲಾ ಸಮಿತಿಯ ಮುಂದೆ ನಿಂತರು. ಕಪ್ಪು ಮಕ್ಕಳ ಶಾಲೆಗಳಲ್ಲಿ ಕ್ಲಾಸುಗಳು ಕಿಕ್ಕಿರಿದಿದ್ದವು, ಕಟ್ಟಡಗಳು ಹಳತಾಗಿದ್ದವು. ಸಮಿತಿ ಜಪ್ಪಯ್ಯ ಅನ್ನಲಿಲ್ಲ. ನಮ್ಮ ಶಾಲೆಗಳಲ್ಲಿ ಬಿಳಿ-ಕಪ್ಪು ಎಂಬ ಬೇರ್ಪಡೆ ಇದೆ ಎಂದು ಒಪ್ಪಿಕೊಳ್ಳುವುದಕ್ಕೇ ತಯಾರಿರಲಿಲ್ಲ. ಇದಾಗಿ ಒಂದು ವಾರಕ್ಕೆ ಸಾವಿರಾರು ಮಕ್ಕಳು ಒಂದು ದಿನ ಶಾಲೆಗೆ ಚಕ್ಕರ್ ಹೊಡೆದರು. ಅಪ್ಪ ಅಮ್ಮಂದಿರೇ ಮನೆಯಲ್ಲಿ ಉಳಿಸಿಕೊಂಡದ್ದು! ಆ ದಿನ ಪಾಠ ನಡೆದದ್ದು ಚರ್ಚುಗಳಂಥ ಜಾಗಗಳಲ್ಲಿ. ಮುಂದಿನ ವರ್ಷ ಮತ್ತೆ ಹಾಗೇ ಮಾಡಿದರು.

ಬಾಸ್ಟನ್ನಿನಲ್ಲಿ ಆಗ ಒಂದು ನಿಯಮವಿತ್ತು. ನಗರದ ಬೇರೆ ಶಾಲೆಯಲ್ಲಿ ಸೀಟು ಖಾಲಿ ಇದ್ದರೆ ನಿಮ್ಮ ಮಗು ಹೋಗಬಹುದು, ಆದರೆ ಕರೆದುಕೊಂಡು ಹೋಗುವುದು ನಿಮ್ಮ ತಲೆನೋವು. ಸರಿ ಹಾಗಾದರೆ ಎಂದು ರಾಕ್ಸ್‌ಬರಿ ಎಂಬ ಕಪ್ಪು ಜನರ ಪ್ರದೇಶದ ಎಲೆನ್ ಜಾಕ್ಸನ್ ಮತ್ತು ನೆರೆಹೊರೆಯ ತಾಯಂದಿರು 1965ರ ಸೆಪ್ಟೆಂಬರ್‌ನಲ್ಲಿ ತಾವೇ ಬಸ್ಸು ಬಿಟ್ಟರು. ಎಲೆನ್ ಐದು ಮಕ್ಕಳ ತಾಯಿ. ಕೇಕು ಮಾಡಿ ಮಾರಿದರು, ಚಂದಾ ಎತ್ತಿದರು, ನೂರಾರು ಮಕ್ಕಳನ್ನು ಖಾಲಿ ಸೀಟುಗಳಿದ್ದ ಶಾಲೆಗಳಿಗೆ ಮುಟ್ಟಿಸಿದರು. 'ಆಪರೇಷನ್ ಎಕ್ಸೋಡಸ್' ಎಂದು ಅದಕ್ಕೆ ಹೆಸರಿಟ್ಟುಕೊಂಡರು. ಇದಾಗಿ ಒಂದು ವರ್ಷಕ್ಕೆ, 1966ರಲ್ಲಿ, ಮೆಟ್ಕೊ ಬಸ್ಸು ನಗರದ ಗಡಿ ದಾಟಿತು. ಮೊದಲಿಗೆ ಹೋದದ್ದು 220 ಮಕ್ಕಳು, ಏಳು ಉಪನಗರಗಳಿಗೆ. ಅದನ್ನು ಮುಂದೆ ನಡೆಸಿದವರೂ ಅದೇ ರೂತ್ ಬ್ಯಾಟ್ಸನ್.

ಬಸ್ಸೇ ಬೇಡ ಎಂದ ಕಪ್ಪು ಕುಟುಂಬಗಳೂ ಇದ್ದವು. ನಮ್ಮ ಮಕ್ಕಳು ಯಾಕೆ ಅಷ್ಟು ದೂರ ಹೋಗಬೇಕು ಎಂದು ಅವರು ರಾಕ್ಸ್‌ಬರಿಯಲ್ಲೇ ಹೈಲ್ಯಾಂಡ್ ಪಾರ್ಕ್ ಫ್ರೀ ಸ್ಕೂಲಿನಂಥ ಸ್ವಂತ ಶಾಲೆ ಕಟ್ಟಿಕೊಂಡರು. ನನಗೆ ಅವರ ಮಾತೂ ಸರಿಯೇ ಅನ್ನಿಸುತ್ತದೆ.

ಉಪನಗರ ಎಂದರೆ ನಮ್ಮ ಜಯನಗರದ ಹಾಗಲ್ಲ ನೋಡಿ. ಅಲ್ಲಿ ಒಂದೊಂದೂ ಬೇರೆ ಊರು, ಬೇರೆ ಶಾಲಾ ಮಂಡಳಿ. ಶಾಲೆ ನಡೆಯುವುದು ಹೆಚ್ಚಾಗಿ ಊರಿನ ಮನೆ ಕಂದಾಯದ ಮೇಲೆ. ಹಾಗಾಗಿ ಒಳ್ಳೇ ಶಾಲೆ ಬೇಕು ಎಂದರೆ ಆ ಊರಲ್ಲಿ ಮನೆ ಬೇಕು. ಕಪ್ಪು ಜನರಿಗೆ ಮನೆ ಮಾರುವುದಿಲ್ಲ, ಸಾಲ ಕೊಡುವುದಿಲ್ಲ ಎನ್ನುವುದಕ್ಕೆ ಇಡೀ ದೇಶದ ಕಾನೂನು ತಡೆ ಹಾಕಿದ್ದು 1968ರಲ್ಲಿ. ಅಷ್ಟು ಹೊತ್ತಿಗೆ ಒಂದಿಡೀ ತಲೆಮಾರಿನ ಬಿಳಿಯರು ಕಡಿಮೆ ಬಡ್ಡಿಯ ಸಾಲದಲ್ಲಿ ಮನೆ ಕಟ್ಟಿಕೊಂಡು ಆಗಿತ್ತು. 1974ರಲ್ಲಿ ಡೆಟ್ರಾಯಿಟ್ ನಗರದ ಶಾಲೆಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ತೀರ್ಪು ಕೊಟ್ಟಿತು. ಬೇರ್ಪಡೆಯಲ್ಲಿ ಉಪನಗರಗಳ ತಪ್ಪು ತೋರಿಸದೆ ಅವನ್ನು ನಗರದ ಮಕ್ಕಳ ಬಸ್ ಯೋಜನೆಗೆ ಎಳೆಯುವಂತಿಲ್ಲ ಎಂದಿತು. ಗಡಿ ಗಟ್ಟಿಯಾಯಿತು.

ಎಷ್ಟು ಗಟ್ಟಿ ಅಂದರೆ, 2011ರಲ್ಲಿ ಒಹಾಯೊದ ಏಕ್ರನ್‌ನಲ್ಲಿ ಕೆಲ್ಲಿ ವಿಲಿಯಮ್ಸ್-ಬೋಲರ್ ಎಂಬ ಕಪ್ಪು ತಾಯಿ ಇದಕ್ಕೇ ಒಂಬತ್ತು ದಿನ ಜೈಲಲ್ಲಿದ್ದರು. ತನ್ನ ತಂದೆಯ ಮನೆ ವಿಳಾಸ ಕೊಟ್ಟು ಹೆಣ್ಣುಮಕ್ಕಳನ್ನು ಪಕ್ಕದ ಊರಿನ ಶಾಲೆಗೆ ಸೇರಿಸಿದ್ದರು. ಅಜ್ಜನ ಮನೆ ವಿಳಾಸ, ಅಷ್ಟೇ! ಅಜ್ಜನ ಮನೆಯಲ್ಲಿದ್ದುಕೊಂಡು ಓದಿದವರು ನಮ್ಮಲ್ಲಿ ಮನೆಗೊಬ್ಬರು ಸಿಗುತ್ತಾರೆ, ಅಲ್ವಾ?

ಇನ್ನು 'ನಮ್ಮವರು' ಹೇಳಿದ ಮಾತು. ಅವರೂ ಶಾಲೆ ನೋಡಿಯೇ ಆ ಊರಲ್ಲಿ ಮನೆ ಮಾಡಿರುತ್ತಾರೆ. ತಪ್ಪೇನಿಲ್ಲ. ಆದರೆ ನಮ್ಮ ಡಾಕ್ಟರು, ಎಂಜಿನಿಯರುಗಳಿಗೆ ಅಮೆರಿಕದ ಬಾಗಿಲು ತೆರೆದ ವಲಸೆ ಕಾನೂನಿಗೆ ಸಹಿ ಬಿದ್ದದ್ದು 1965ರ ಅಕ್ಟೋಬರ್ 3ಕ್ಕೆ. ಕಪ್ಪು ಜನರ ಹೋರಾಟದ ಕಾವಿಲ್ಲದೆ ಆ ಕಾನೂನು ಬರುವುದು ಕಷ್ಟವಿತ್ತು. ಎಲೆನ್ ಜಾಕ್ಸನ್ ಬಸ್ಸಿನ ಬಾಡಿಗೆ ಹೊಂದಿಸುತ್ತಿದ್ದದ್ದೂ ಅದೇ ದಿನಗಳಲ್ಲಿ. ಇದನ್ನು ಮಗಳಿಗೆ ಹೇಳಿ.

ಮೆಟ್ಕೊ ಕೆಲವು ವರ್ಷದ ಏರ್ಪಾಡು, ಅಷ್ಟರಲ್ಲಿ ನಗರದ ಶಾಲೆಗಳು ಸರಿಹೋಗುತ್ತವೆ ಎಂದುಕೊಂಡೇ ಅದನ್ನು ಶುರು ಮಾಡಿದ್ದು. ಈಗಲೂ ಸುಮಾರು 3,000 ಮಕ್ಕಳು ಹೋಗುತ್ತಿದ್ದಾರೆ. ಕೂಸು ಹುಟ್ಟುತ್ತಲೇ ಹೆಸರು ಬರೆಸಿ ಕಾಯುವ ತಾಯಂದಿರಿದ್ದರು. ಈಗ ಲಾಟರಿ ಎತ್ತುತ್ತಾರೆ. ಸೀಟು ಸಿಕ್ಕ ಮಕ್ಕಳು ನಸುಕಿನಲ್ಲೇ ಎದ್ದು ಬಸ್ ಸ್ಟಾಪಿಗೆ ಬರಬೇಕು. ನೀವು ನೋಡಿದ ನಿದ್ದೆಗಣ್ಣು ಅದು.